ಕಡಲಿಲ್ಲದ ನಾಡಿನ ಸಮುದ್ರ

ನಮ್ಮ ಸೀಮೆಗೆ ಕಡಲಿಲ್ಲ. ಹರಪನಹಳ್ಳಿಯಿಂದಲೋ ಕೂಡ್ಲಿಗಿಯಿಂದಲೋ ಹೊರಟವನು ಕಡಲನ್ನು ಕಾಣಬೇಕಾದರೆ ಬಯಲುಸೀಮೆಯನ್ನು ಕಳೆದು, ಮಲೆನಾಡನ್ನು ಹಾದು, ಘಟ್ಟವನ್ನಿಳಿಯಬೇಕು. ಆದರೂ ನಮ್ಮ ಹಿರಿಯರಿಗೆ ಕಡಲಿನ ಮೇಲೊಂದು ವ್ಯಾಮೋಹವಿದ್ದಂತೆ ತೋರುತ್ತದೆ. ಒಂದೂರಿಗೆ ಬುಕ್ಕಸಾಗರವೆಂದು ಹೆಸರಿಟ್ಟರು. ಇನ್ನೊಂದಕ್ಕೆ ಅಂಕಸಮುದ್ರವೆಂದು ಕರೆದರು. ಹೂವಿನಹಡಗಲಿಯ ಹೆಸರಿನಲ್ಲಂತೂ ಹಡಗೇ ಇದೆಯೆಂದೂ, ಅಲ್ಲಿಂದ ಹಂಪೆಗೆ ಹೂವು ಹಡಗಿನಲ್ಲಿ ಹೋಗುತ್ತಿತ್ತೆಂದೂ ಐತಿಹ್ಯ. ಶಬ್ದಶಾಸ್ತ್ರ ಅದನ್ನು ಒಪ್ಪುವುದೋ ಬಿಡುವುದೋ ಬೇರೆ ಮಾತು. ಮಳೆಯನ್ನೇ ನಂಬಿ ಬದುಕುವ ಜನ ತಾವು ಕಟ್ಟಿಕೊಂಡ ಕೆರೆಗೆ ಸಮುದ್ರವೆಂಬ ಹೆಸರಿಟ್ಟಿದ್ದರಲ್ಲಿ ಬರಿಯ ಬಡಾಯಿಯಿಲ್ಲ. ಒಂದು ಹರಕೆಯೂ ಇದೆ.

ಈ ಸಮುದ್ರಗಳಲ್ಲೊಂದು ಈಗ ಜಗತ್ತಿನ ಭೂಪಟದಲ್ಲಿ ಗುರುತು ಪಡೆದಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯನ್ನು 2017ರಲ್ಲಿ ರಾಜ್ಯ ಸರ್ಕಾರವು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. 2024ರ ಜನವರಿ 31ರಂದು ಅದು ರಾಮ್ಸಾರ್ ಪಟ್ಟಿಗೆ ಸೇರಿದ ವಾರ್ತೆ ಹೊರಬಿತ್ತು. ಗದಗ ಜಿಲ್ಲೆಯ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆ, ತಮಿಳುನಾಡಿನ ಎರಡು ತಾಣಗಳು ಅಂದೇ ಜೊತೆಗೂಡಿ, ಭಾರತದ ಇಂಥ ತಾಣಗಳ ಸಂಖ್ಯೆ 75ರಿಂದ 80ಕ್ಕೇರಿತು. ಅದಕ್ಕೆ ಮೊದಲು ಕರ್ನಾಟಕಕ್ಕೆ ಈ ಗೌರವ ತಂದದ್ದು 2022ರಲ್ಲಿ ರಂಗನತಿಟ್ಟು ಒಂದೇ. ಇರಾನಿನ ರಾಮ್ಸಾರ್ ಪಟ್ಟಣದಲ್ಲಿ 1971ರ ಫೆಬ್ರವರಿ 2ರಂದು ಕೆಲವು ರಾಷ್ಟ್ರಗಳು ಕೂಡಿ ಮಾಡಿಕೊಂಡ ಒಡಂಬಡಿಕೆಗೆ ಭಾರತ 1982ರಲ್ಲಿ ಸೇರಿತು. ಆ ಒಡಂಬಡಿಕೆಯ ಲೆಕ್ಕದಲ್ಲಿ, ಇಪ್ಪತ್ತು ಸಾವಿರಕ್ಕೆ ಮೇಲ್ಪಟ್ಟು ನೀರುಹಕ್ಕಿಗಳು ಆಶ್ರಯಿಸುವ ತಾಣ, ಅಥವಾ ಒಂದು ಜಾತಿಯ ಹಕ್ಕಿಗಳಲ್ಲಿ ನೂರಕ್ಕೊಂದು ಪಾಲು ನೆಲಸುವ ತಾಣ, ಅಂತರರಾಷ್ಟ್ರೀಯ ಮಹತ್ವದ್ದೆನಿಸುತ್ತದೆ. ಅಂಕಸಮುದ್ರದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಗೂಡುಕಟ್ಟಿ ಇಲ್ಲವೆ ಇರುಳು ತಂಗಿ ಬಾಳುತ್ತವೆ. ಬಣ್ಣದ ಕೊಕ್ಕರೆ ಮತ್ತು ಬಿಳಿ ಕೆಂಬರಲು ಎರಡೂ ನೂರಕ್ಕೊಂದರ ಲೆಕ್ಕವನ್ನು ಮೀರಿವೆ. ಇಷ್ಟೆಲ್ಲ ನಡೆಯುವುದು 98.76 ಹೆಕ್ಟೇರಿನಲ್ಲಿ, ಎಂದರೆ 244 ಎಕರೆಯ ಒಂದು ಹಳ್ಳಿಯ ಕೆರೆಯಲ್ಲಿ. ಪಟ್ಟಿಯಲ್ಲಿ 240 ಬಗೆಯ ಹಕ್ಕಿಗಳ ಜೊತೆಗೆ 41 ಬಗೆಯ ಮೀನು, 25 ಬಗೆಯ ಸರೀಸೃಪ, 27 ಬಗೆಯ ಚಿಟ್ಟೆ ಸೇರಿವೆ. ಕಪ್ಪೆಗಳು ಮೂರೇ ಬಗೆಯವು. ಮಳೆಗಾಲದ ರಾತ್ರಿ ಕೆರೆಯ ಕೆಳಗೆ ನಿಂತು ಕೇಳಿದವರು ಈ ಮೂರನ್ನು ಮುನ್ನೂರೆಂದು ನಂಬಿದರೆ ತಪ್ಪಿಲ್ಲ.

ನಾನು ಪಕ್ಷಿಶಾಸ್ತ್ರಜ್ಞನಲ್ಲ, ಕನ್ನಡ ಪಾಠ ಹೇಳುವವನು. ಆಶ್ವಯುಜ, ಕಾರ್ತಿಕ ಮಾಸಗಳ ಭಾನುವಾರಗಳಂದು ಹತ್ತಾರು ವಿದ್ಯಾರ್ಥಿಗಳನ್ನು ಕರೆದುಕೊಂಡು ಬೆಳಗಿನ ಹೊತ್ತು ಈ ಕೆರೆಯ ಏರಿಯ ಮೇಲೆ ನಡೆಯುವ ಅಭ್ಯಾಸವನ್ನು ಕೆಲವು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಇದಕ್ಕೆ ಕಾರಣ ವಿಜ್ಞಾನವಲ್ಲ, ಮೇಘದೂತ. ತರಗತಿಯಲ್ಲಿ ಕವಿಸಮಯದ ಮಾತು ಬಂದಾಗ, ಮಳೆಗಾಲ ಬಂದೊಡನೆ ಹಂಸಗಳು ಮಾನಸ ಸರೋವರಕ್ಕೆ ಹೊರಡುತ್ತವೆ, ಶರತ್ಕಾಲಕ್ಕೆ ಹಿಂದಿರುಗುತ್ತವೆ ಎಂದು ಹೇಳಿ, ಇದೊಂದು ಸಂಪ್ರದಾಯ, ನಿಜವಲ್ಲ ಎಂದು ಮುಂದಕ್ಕೆ ಹೋಗುತ್ತಿದ್ದೆ. ಒಬ್ಬ ವಿದ್ಯಾರ್ಥಿ ಒಮ್ಮೆ ಎದ್ದು ನಿಂತು, ತನ್ನ ಸೋದರಮಾವನ ಊರಾದ ಮಾಗಡಿಯ ಕೆರೆಗೆ ಪ್ರತಿ ಚಳಿಗಾಲದಲ್ಲಿಯೂ ಅಂಥ ಹಕ್ಕಿಗಳು ಬರುತ್ತವೆಂದೂ, ಬೇಸಗೆಯ ಮುನ್ನ ಹೋಗಿಬಿಡುತ್ತವೆಂದೂ ಹೇಳಿದ. ನಾನು ಪುಸ್ತಕಗಳನ್ನು ತಿರುವಿ ನೋಡಿದೆ. ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಮನೆಯಲ್ಲಿಯೇ ಇತ್ತು. ನಾನದನ್ನು ಸಾಹಿತ್ಯಕೃತಿಯೆಂದು ಕಪಾಟಿನಲ್ಲಿಟ್ಟಿದ್ದೆನೇ ಹೊರತು ಹೊಲಕ್ಕೆ ಒಯ್ದಿರಲಿಲ್ಲ. ಪಟ್ಟೆತಲೆಯ ಹೆಬ್ಬಾತು ಟಿಬೆಟ್ಟಿನ ಎತ್ತರದ ಸರೋವರಗಳ ಬಳಿ, ಮಂಗೋಲಿಯದ ಜೌಗುಗಳಲ್ಲಿ ಮರಿಮಾಡುತ್ತದೆ; ಶರತ್ತಿನ ಕೊನೆಗೆ ಹಿಮಾಲಯವನ್ನು ದಾಟಿ ದಕ್ಷಿಣಕ್ಕಿಳಿಯುತ್ತದೆ; ಏಳು ಸಾವಿರ ಮೀಟರಿಗೂ ಮಿಕ್ಕ ಎತ್ತರದಲ್ಲಿ ಅದು ಹಾರಿದುದನ್ನು ಯಂತ್ರ ಕಟ್ಟಿ ಅಳೆದಿದ್ದಾರೆ; ಮಂಗೋಲಿಯದಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ಮೈಸೂರು ಸೀಮೆಯ ಹದಿನಾರು ಕೆರೆಯಲ್ಲಿ ಕಾಣಿಸಿಕೊಂಡಿವೆ. ಕಾಳಿದಾಸನು ಕ್ರೌಂಚರಂಧ್ರವನ್ನು ಹಂಸಗಳ ಬಾಗಿಲೆಂದು ಕರೆದಾಗ ಅದು ಕೇವಲ ಕಲ್ಪನೆಯಾಗಿರಲಾರದು. ಹೋಗುವ ಕಾಲದಲ್ಲಿ ಒಂದೆರಡು ತಿಂಗಳು ಹೆಚ್ಚುಕಡಮೆಯಾಗಿರಬಹುದು. ಕವಿಗೆ ಅಷ್ಟು ರಿಯಾಯಿತಿ ಸಲ್ಲುತ್ತದೆ. ಪಾಠ ಹೇಳುವವನಿಗೆ ಸಲ್ಲುವುದಿಲ್ಲವೆಂದು ಆ ವಿದ್ಯಾರ್ಥಿ ನನಗೆ ತಿಳಿಸಿಕೊಟ್ಟ.

ಅಂದಿನಿಂದ ಈ ನಡಿಗೆ. ನಮ್ಮ ಕಡೆ ಉತ್ತರೆ, ಹಸ್ತೆ, ಚಿತ್ತೆಗಳೇ ನಿಜವಾದ ಮಳೆಗಳು. ಅವು ಸುರಿದರೆ ಕೆರೆಗೆ ನೀರು. ಕರಿಜಾಲಿಯ ಮರಗಳು ಮೊಣಕಾಲುದ್ದ, ಸೊಂಟದುದ್ದ ನೀರಿನಲ್ಲಿ ನಿಂತಿರುತ್ತವೆ. ಅವುಗಳ ಮೇಲೆ ನೀರುಕಾಗೆ, ಬೆಳ್ಳಕ್ಕಿ, ರಾತ್ರಿಬಕ, ಕೆಂಬರಲು. ಬೆಳಗಿನ ಆರು ಗಂಟೆಗೆ ಏರಿಯ ಮೇಲೆ ನಿಂತರೆ ಗುಂಪು ಗುಂಪಾಗಿ ಹೊರಡುವ ಹಕ್ಕಿಗಳಿಂದ ಸಂತೆಗೆ ಹೊರಟ ಊರಿನ ಸಡಗರ ಕಾಣುತ್ತದೆ. ಅಕ್ಟೋಬರಿನ ಕೊನೆಯಿಂದ ಸೂಜಿಬಾಲದ ಬಾತುಗಳು ಬಂದಿಳಿಯತೊಡಗುತ್ತವೆ. ಇವಕ್ಕಿಂತ ಮೊದಲೇ, ಆಗಸ್ಟ್ ಸೆಪ್ಟೆಂಬರಿನಲ್ಲಿಯೇ, ಮಧ್ಯ ಏಷ್ಯದ ಕಡೆಯಿಂದ ಗುಲಾಬಿ ಕಬ್ಬಕ್ಕಿಗಳು ಬಂದಿರುತ್ತವೆ. ಸಂಜೆ ಅವು ಸಾವಿರಗಟ್ಟಲೆ ಕೂಡಿ ಹೊಗೆಯಂತೆ ಸುತ್ತುವುದನ್ನು ನೋಡಿ ವಿದ್ಯಾರ್ಥಿಗಳು ಕೈತಟ್ಟಿದರೆ, ಪಕ್ಕದಲ್ಲಿ ನಿಂತ ಜೋಳದ ಹೊಲದ ಒಡೆಯನ ಮುಖ ಮಾತ್ರ ಗಂಟಿಕ್ಕುತ್ತದೆ. ಆತನ ಅಜ್ಜ ಕವಣೆ ಹಿಡಿದು ಅಟ್ಟಣೆಯ ಮೇಲೆ ಕುಳಿತಿದ್ದುದು ಇದೇ ಹಕ್ಕಿಗಾಗಿ. ಅದೇ ಹಕ್ಕಿ ಮಿಡತೆಗಳನ್ನು ತಿಂದು ಉಪಕಾರವನ್ನೂ ಮಾಡುತ್ತದೆಂದು ಹೇಳಿದೆ, ನಂಬಿದಂತೆ ಕಾಣಲಿಲ್ಲ. ಹರಪನಹಳ್ಳಿ, ಕೊಟ್ಟೂರು ಕಡೆಯ ಹೊಲಗಳು ಜೋಳವನ್ನು ಬಿಟ್ಟು ಮೆಕ್ಕೆಜೋಳಕ್ಕೆ ಒಲಿದ ಮೇಲೆ ಈ ಜಗಳವೂ ತನ್ನಷ್ಟಕ್ಕೆ ತಾನೇ ಕಡಮೆಯಾಗುತ್ತಿದೆ. ಕವಣೆ ಎಂಬ ಮಾತಿಗೆ ತರಗತಿಯಲ್ಲಿ ಅರ್ಥ ಹೇಳಬೇಕಾದ ಕಾಲ ಬಂದಿದೆ.

ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ನಲವತ್ತು ಮಂದಿಯನ್ನು ಒಟ್ಟಿಗೆ ಕರೆದೊಯ್ದೆ. ಚೀಲ, ಬುತ್ತಿ, ಫೋಟೋ, ಗದ್ದಲ. ನಾವು ಏರಿಯ ಒಂದು ತುದಿ ಮುಟ್ಟಿದೊಡನೆ ಹತ್ತಿರದ ಮರಗಳು ಬರಿದಾದವು. ಗೂಡಿನಲ್ಲಿ ಮರಿಯಿದ್ದ ಕೆಲವು ಹಕ್ಕಿಗಳು ಮಾತ್ರ ಏಳಲೂ ಆಗದೆ, ಕೂಡಲೂ ಆಗದೆ ಒದ್ದಾಡಿದವು. ಕಾಗೆಗಳು ಸಮಯ ಕಾಯುತ್ತಿದ್ದವು. ಅಂದಿನಿಂದ ಹತ್ತಕ್ಕಿಂತ ಹೆಚ್ಚು ಮಂದಿಯನ್ನು ಕರೆದೊಯ್ಯುವುದಿಲ್ಲ. ಮರಗಳ ಹತ್ತಿರಕ್ಕೂ ಹೋಗುವುದಿಲ್ಲ. ಇದನ್ನಿಲ್ಲಿ ಹೇಳುವುದಕ್ಕೆ ಕಾರಣವಿದೆ. ಒಂದು ತಾಣಕ್ಕೆ ಹೆಸರು ಬಂದೊಡನೆ ನಮಗೆ ಮೊದಲು ಹೊಳೆಯುವುದು ಗೋಪುರ, ದೋಣಿ, ಸಿಮೆಂಟಿನ ಹಾದಿ, ಮಕ್ಕಳ ಉಯ್ಯಾಲೆ. ಹಕ್ಕಿಯನ್ನು ನೋಡಲು ಬರುವವರ ಅನುಕೂಲವನ್ನು ಹಕ್ಕಿಯ ಅನುಕೂಲವೆಂದು ತಿಳಿಯುವುದು ಸುಲಭ. ನಾನೇ ಹಾಗೆ ತಿಳಿದಿದ್ದೆ.

ಆದರೆ ನೋಡುವವರ ಗದ್ದಲ ಸಣ್ಣ ಸಂಗತಿ. ದೊಡ್ಡ ಪ್ರಶ್ನೆ ನೀರಿನದು.

ಅಂಕಸಮುದ್ರ ದೇವರು ತೋಡಿದ ಸರೋವರವಲ್ಲ. ಶತಮಾನಗಳ ಹಿಂದೆ ಹೊಲಗಳಿಗೆ ನೀರುಣಿಸಲೆಂದು ಮನುಷ್ಯರು ಮಣ್ಣು ಹೊತ್ತು ಕಟ್ಟಿದ ಕೆರೆ. ಅದಕ್ಕೆ ತೂಬುಂಟು, ತೂಬಿನ ಕೆಳಗೆ ಅಚ್ಚುಕಟ್ಟುಂಟು, ಅಚ್ಚುಕಟ್ಟಿನಲ್ಲಿ ಬೆಳೆ ಒಣಗಿದರೆ ಬಾಯಿಗೆ ಮಣ್ಣೇ. ಮಳೆ ಸರಿಯಾದ ವರ್ಷ ಹಕ್ಕಿಗೂ ರೈತನಿಗೂ ವ್ಯಾಜ್ಯವಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದ 2023ರಂಥ ವರ್ಷ ಬಂದರೆ, ಕೊನೆಯ ಎರಡಡಿ ನೀರು ಯಾರದು? ಗೂಡಿನಲ್ಲಿ ಮರಿಯಿರುವ ಕೊಕ್ಕರೆಯದೋ, ಹೊಡೆ ತೆಗೆದು ನಿಂತ ಪೈರಿನದೋ? ಈ ಪ್ರಶ್ನೆಯನ್ನು ಇತ್ಯರ್ಥಪಡಿಸುವವರು ಯಾರೆಂದು ಹುಡುಕಲು ನಾನು ಕಾಯಿದೆಯನ್ನು ಓದಿದೆ. ಕನ್ನಡ ಎಂ.ಎ. ಮಾಡಿದವನಿಗೆ ಕಾಯಿದೆಯ ಇಂಗ್ಲಿಷು ಹಳಗನ್ನಡಕ್ಕಿಂತ ಕಠಿನವೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಹಳಗನ್ನಡದಂತೆಯೇ ಪಟ್ಟುಹಿಡಿದರೆ ಬಿಟ್ಟುಕೊಡುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಸಂರಕ್ಷಣಾ ಮೀಸಲು ಎಂಬ ಹೊಸ ವರ್ಗ ಹುಟ್ಟಿತು. ಸರ್ಕಾರದ ಒಡೆತನದ ಭೂಮಿಯನ್ನು, ಸ್ಥಳೀಯ ಜನರೊಡನೆ ಸಮಾಲೋಚಿಸಿ, ಅವರನ್ನು ಒಕ್ಕಲೆಬ್ಬಿಸದೆ ಕಾಪಾಡುವ ಏರ್ಪಾಟಿದು, ಅಭಯಾರಣ್ಯಕ್ಕಿಂತ ಮೃದುವಾದುದು. ಅದರ ಆಡಳಿತಕ್ಕೆ ಸಲಹೆ ಕೊಡಲು ಒಂದು ಸಮಿತಿಯಿರಬೇಕೆಂದು 36-ಬಿ ಪ್ರಕರಣ ಹೇಳುತ್ತದೆ. ಸಮಿತಿಯಲ್ಲಿ ಅರಣ್ಯ ಇಲಾಖೆಯವರು ಕಾರ್ಯದರ್ಶಿ, ಆಯಾ ಗ್ರಾಮ ಪಂಚಾಯತಿಯ ಒಬ್ಬೊಬ್ಬ ಪ್ರತಿನಿಧಿ, ವನ್ಯಜೀವಿ ರಕ್ಷಣೆಗೆ ದುಡಿಯುವ ಸಂಸ್ಥೆಗಳವರು ಮೂವರು, ಕೃಷಿ ಇಲಾಖೆಯವರೊಬ್ಬರು, ಪಶುಸಂಗೋಪನೆಯವರೊಬ್ಬರು. ವಾಚಕರು ಈ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. ನೀರಾವರಿಯವರು ಇಲ್ಲ. ಮೀನುಗಾರರಿಲ್ಲ. ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪ್ರಕರಣವನ್ನು ಕೆರೆಗೆ ಹೊದಿಸಿದರೆ ಆಗುವುದು ಹೀಗೆ: ತೂಬಿನ ಕೀಲಿ ಯಾರ ಕೈಯಲ್ಲಿದೆಯೋ ಅವರಿಗೇ ಪೀಠವಿಲ್ಲ.

ಇದನ್ನು ಓದುವಾಗ ನನಗೆ ಒಂದು ಹಳೆಯ ಶಾಸನ ನೆನಪಾಯಿತು. ಕಡಪೆ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರನು ಅನಂತರಾಜಸಾಗರವೆಂಬ ಕೆರೆಯನ್ನು ಕಟ್ಟಿಸಿ 1369ರಲ್ಲಿ ಬರೆಯಿಸಿದ ಸಂಸ್ಕೃತ ಶಾಸನವದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ, ಕೆರೆಗೆ ಬರಬಾರದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಧರ್ಮವಂತನಾದ ದೊರೆ, ಜಲಶಾಸ್ತ್ರವನ್ನು ಬಲ್ಲವನು, ಗಟ್ಟಿ ನೆಲ, ಸಿಹಿನೀರಿನ ಹೊಳೆ, ಕಸುಬು ಬಲ್ಲ ಕೂಲಿಗಳು ಇವೆಲ್ಲ ಸಾಧನಗಳು. ದೋಷಗಳಲ್ಲಿ ಏರಿಯಿಂದ ನೀರು ಜಿನುಗುವುದು ಒಂದು, ಸವುಳು ನೆಲ ಒಂದು. ಇನ್ನೊಂದು ದೋಷವೇ ಸ್ವಾರಸ್ಯದ್ದು: ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು. ಇಂದು ರಾಜರಿಲ್ಲ, ಇಲಾಖೆಗಳಿವೆ. ಹಕ್ಕಿ ಒಂದು ಇಲಾಖೆಯದು, ನೀರು ಇನ್ನೊಂದರದು, ಮೀನು ಮತ್ತೊಂದರದು. ಭಾಸ್ಕರನ ಶಾಸನವನ್ನು ಕಂಡರಿಸಿದವನು ಇಂದು ಬಂದು ನೋಡಿದರೆ ಈ ದೋಷದ ಮುಂದೆ ಒಂದು ಗುರುತು ಹಾಕಿ ಹೋಗುತ್ತಿದ್ದ.

ರಾಮ್ಸಾರ್ ಪಟ್ಟದಿಂದ ಪ್ರಯೋಜನವೇ ಇಲ್ಲವೆಂದು ನನ್ನ ವಾದವಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಜೌಗುಭೂಮಿ ನಿಯಮಗಳು, ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಜೌಗುಭೂಮಿಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ರಾಮ್ಸಾರ್ ಪಟ್ಟಿಯಲ್ಲಿರುವ ತಾಣಕ್ಕೆ ಮಾತ್ರ ಆ ನಿಯಮಗಳು ಅನ್ವಯಿಸುತ್ತವೆ. ಆದಕಾರಣ ಒತ್ತುವರಿಯಿಂದಲೂ ಕೊಳೆಯಿಂದಲೂ ಅಂಕಸಮುದ್ರಕ್ಕೆ ಒಂದು ಕವಚ ಸಿಕ್ಕಿತು. ಸಂತೋಷ. ಆದರೆ ಅದರ ಸುತ್ತಲಿನ ಕೆರೆಗಳಿಗೆ ಅದು ಸಿಗಲಿಲ್ಲವೆಂಬುದನ್ನು ಮರೆಯಬಾರದು. ಮೂವತ್ತು ಸಾವಿರ ಹಕ್ಕಿಗಳು 244 ಎಕರೆಯ ಮೀನು ತಿಂದು ಬದುಕಲಾರವು. ಬೆಳಗ್ಗೆ ಅವು ಹೊರಡುವುದು ಸುತ್ತಲಿನ ಚಿಕ್ಕ ಕೆರೆಗಳಿಗೆ, ಗದ್ದೆಗಳಿಗೆ, 1953ರಿಂದ ನಿಂತಿರುವ ತುಂಗಭದ್ರಾ ಜಲಾಶಯದ ಹಿನ್ನೀರಿನ ತೆಳುವಾದ ಅಂಚುಗಳಿಗೆ. ಬಣ್ಣದ ಕೊಕ್ಕರೆ ಅರ್ಧ ತೆರೆದ ಕೊಕ್ಕನ್ನು ನೀರಿನಲ್ಲಾಡಿಸುತ್ತ ಮೀನು ಹಿಡಿಯುವ ಹಕ್ಕಿ. ಅದಕ್ಕೆ ಮೊಣಕಾಲಿಗಿಂತ ಆಳವಾದ ನೀರು ಕೆಲಸಕ್ಕೆ ಬಾರದು. ಅಂಕಸಮುದ್ರ ಅವುಗಳ ಮಲಗುವ ಮನೆ, ಹೆರಿಗೆಯ ಮನೆ. ಅಡುಗೆಮನೆ ಬೇರೆ ಕಡೆ ಇದೆ. ಮಲಗುವ ಮನೆಗೆ ಬೀಗ ಹಾಕಿ ಅಡುಗೆಮನೆಯನ್ನು ಬಯಲಿಗೆ ಬಿಟ್ಟ ಗೃಹಸ್ಥನನ್ನು ನಾವು ಜಾಣನೆನ್ನುವುದಿಲ್ಲ.

ಇನ್ನು ಮರಗಳ ವಿಷಯ. ಇದನ್ನು ನನಗೆ ಮೊದಲು ತೋರಿಸಿದವನು ಏರಿಯ ಮೇಲೆ ಆಡು ಮೇಯಿಸುತ್ತಿದ್ದ ಒಬ್ಬ ಮುದುಕ. ನೀರು ಹೆಚ್ಚುಕಾಲ ನಿಂತಷ್ಟೂ ಜಾಲಿ ಸಾಯುತ್ತದೆಂದು ಆತ ಹೇಳಿದ. ನಾನು ನಗಾಡಿದೆ, ಆಮೇಲೆ ಓದಿದಾಗ ಆತನ ಮಾತೇ ನಿಜವೆನಿಸಿತು. ಕರಿಜಾಲಿ ಕೆಲವು ತಿಂಗಳು ನೀರಿನಲ್ಲಿ ನಿಲ್ಲಬಲ್ಲದು. ವರ್ಷವಿಡೀ, ವರ್ಷ ವರ್ಷವೂ ನಿಲ್ಲಲಾರದು. ಹಕ್ಕಿಗಳ ಹಿಕ್ಕೆ ಬಿದ್ದು ಬಿದ್ದು ಎಲೆಯೂ ಕೊಂಬೆಯೂ ಸುಡುವುದು ಇನ್ನೊಂದು ಕಾರಣ. ಹಳೆಯ ಮರ ಸತ್ತ ಕಡೆ ಹೊಸ ಸಸಿ ಏಳಬೇಕಾದರೆ ಕೆರೆಯಂಗಳ ಬತ್ತಬೇಕು, ಬಿತ್ತ ನೆಲ ಮುಟ್ಟಬೇಕು, ಸಸಿ ಮುಂದಿನ ನೀರಿಗಿಂತ ಎತ್ತರ ಬೆಳೆಯಬೇಕು, ಆಡಿನ ಬಾಯಿಯನ್ನೂ ತಪ್ಪಿಸಿಕೊಳ್ಳಬೇಕು. ಎಂದರೆ ಕೆರೆ ಬತ್ತುವುದು ಈ ಹಕ್ಕಿಗಳ ಸಂಸಾರಕ್ಕೆ ಶತ್ರುವೂ ಹೌದು, ದಾದಿಯೂ ಹೌದು.

ಇಲ್ಲಿಯೇ ನಮ್ಮ ಕಾಲದ ತೊಡಕು. ತುಂಗಭದ್ರೆಯ ನೀರನ್ನು ಯಂತ್ರಗಳಿಂದೆತ್ತಿ ಕೆರೆ ತುಂಬಿಸುವುದು ಈಗ ನಮ್ಮ ಸೀಮೆಯ ದೊಡ್ಡ ಆಸೆ. ಹಡಗಲಿಯ ಕಡೆ ಸಿಂಗಟಾಲೂರು ಏತ ನೀರಾವರಿಯಿದೆ; ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ನೀರು ತುಂಬಿಸುವ ಯೋಜನೆಗಾಗಿ ಜನ ವರ್ಷಗಟ್ಟಲೆ ಕಾದರು. ಆ ಆಸೆಯನ್ನು ಅಲ್ಲಗಳೆಯುವ ಹಕ್ಕು ನಲ್ಲಿಯ ನೀರು ಕುಡಿಯುವ ನನ್ನಂಥವನಿಗಿಲ್ಲ. ಕೊಳವೆಬಾವಿ ಬತ್ತಿ ಊರು ಬಿಟ್ಟು ದುಡಿಯಲು ಹೋದ ತಂದೆತಾಯಿಗಳ ಮಕ್ಕಳು ನನ್ನ ತರಗತಿಯಲ್ಲಿಯೇ ಕುಳಿತಿರುತ್ತಾರೆ. ನಾನು ಹೇಳುವುದು ಇಷ್ಟೆ: ಕೆರೆ ತುಂಬಿಸುವವರು ಯಾವಾಗ ತುಂಬಬೇಕು, ಎಷ್ಟು ತುಂಬಬೇಕು ಎಂಬುದರ ಜೊತೆಗೆ ಯಾವಾಗ ಬತ್ತಲು ಬಿಡಬೇಕು ಎಂಬುದನ್ನೂ ಬಲ್ಲವರಾಗಿರಬೇಕು. ವರ್ಷವಿಡೀ ಅಂಚಿನವರೆಗೆ ತುಂಬಿದ ಅಂಕಸಮುದ್ರ ನೋಡುವುದಕ್ಕೆ ಹೆಸರಿಗೆ ತಕ್ಕ ಸಮುದ್ರವಾಗಬಹುದು. ಇಪ್ಪತ್ತು ವರ್ಷದಲ್ಲಿ ಅದರಲ್ಲಿ ಒಂದು ಮರವೂ ಉಳಿಯದೆ ಹೋಗಬಹುದು. ಆಮೇಲೆ ಕೊಕ್ಕರೆ ಪಟ್ಟವನ್ನು ನೋಡಿಕೊಂಡು ಬರುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋದಾಗ ಈ ಭಾಗದಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಹರಿದುಹೋದ ಒಂದೊಂದು ಟಿ.ಎಂ.ಸಿ. ನೀರಿಗೂ ಒಬ್ಬೊಬ್ಬ ಹಕ್ಕುದಾರನಿದ್ದನೆಂಬುದು ಅಂದು ಎಲ್ಲರಿಗೂ ಬಾಯಿಪಾಠವಾಯಿತು: ಕರ್ನಾಟಕದ ಪಾಲು, ಆಂಧ್ರದ ಪಾಲು, ತೆಲಂಗಾಣದ ಪಾಲು, ಮೊದಲ ಬೆಳೆ, ಎರಡನೆಯ ಬೆಳೆ, ಕುಡಿಯುವ ನೀರು. ಹಕ್ಕಿಯ ಪಾಲು ಎಂಬ ಮಾತು ಯಾವ ಚರ್ಚೆಯಲ್ಲಿಯೂ ನನ್ನ ಕಿವಿಗೆ ಬೀಳಲಿಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕಾಲು ಶತಮಾನದಲ್ಲಿ ಒಂದು ತಾಲ್ಲೂಕು ಇದ್ದಲ್ಲಿಯೇ ಇದ್ದು ಮೂರು ವಲಸೆ ಮಾಡಬಹುದಾದರೆ, ನೀರಿನ ಲೆಕ್ಕದ ಪುಸ್ತಕದಲ್ಲಿ ಒಂದು ಹೊಸ ಕಲಮು ಬರೆಯುವುದು ಅಸಾಧ್ಯವಾಗಲಾರದು.

ಇದು ಎಲ್ಲಿಯೂ ನಡೆಯದ ಮಾತೇನಲ್ಲ. ಮದ್ರಾಸಿನ ಹತ್ತಿರದ ವೇಡಂತಾಂಗಲಿನ ರೈತರು ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ಕಂಪನಿಯ ಕಲೆಕ್ಟರನ ಬಳಿಗೆ ಹೋಗಿ ತಮ್ಮ ಕೆರೆಯ ಹಕ್ಕಿಗಳನ್ನು ಕೊಲ್ಲಬಾರದೆಂಬ ಆಜ್ಞೆ ಪಡೆದರು. ಕರುಣೆಯ ಜೊತೆಗೆ ಲೆಕ್ಕಾಚಾರವೂ ಇತ್ತು. ಹಿಕ್ಕೆ ಬೆರೆತ ನೀರು ಗದ್ದೆಗೆ ಗೊಬ್ಬರ. ಶಿವಗಂಗೆ ಜಿಲ್ಲೆಯ ವೇಟ್ಟಂಗುಡಿಯ ಸುತ್ತಿನ ಹಳ್ಳಿಗರು ಹಕ್ಕಿಗಳಿಗಾಗಿ ದೀಪಾವಳಿಯ ಪಟಾಕಿಯನ್ನೇ ಬಿಟ್ಟಿದ್ದಾರೆ. ನಮ್ಮ ಮಂಡ್ಯದ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಗೂಡು ಕಟ್ಟುವ ಮರ ಮನೆಯ ಹಿತ್ತಲಿನದು. 2007ರಲ್ಲಿ ಅದನ್ನು ಸಮುದಾಯ ಮೀಸಲೆಂದು ಘೋಷಿಸಿದರು. ಈ ಮೂರು ಕಡೆಯೂ ಹಕ್ಕಿಯನ್ನು ಮೊದಲು ಕಾದದ್ದು ಊರು. ಸರ್ಕಾರ ಆಮೇಲೆ ಬಂದು ಮುದ್ರೆಯೊತ್ತಿತು. ಅಂಕಸಮುದ್ರದ ಜನರೂ ಹಕ್ಕಿಗೆ ಕೇಡು ಬಗೆದವರಲ್ಲ. ಬಗೆದಿದ್ದರೆ ಪಟ್ಟಿಗೆ ಸೇರಿಸಲು ಮೂವತ್ತು ಸಾವಿರ ಹಕ್ಕಿ ಉಳಿದಿರುತ್ತಿರಲಿಲ್ಲ. ಬರದ ವರ್ಷ ತೂಬು ಮುಚ್ಚಬೇಕಾಗಿ ಬಂದರೆ ಕೆಳಗಿನ ಹೊಲದವನಿಗೆ ಬೆಳೆನಷ್ಟ ಕಟ್ಟಿಕೊಡುವವರು ಯಾರೆಂಬುದನ್ನು ಬರ ಬರುವ ಮುನ್ನವೇ ಬರೆದಿಡಬೇಕು; ಬರೆಯುವ ಸಭೆಯಲ್ಲಿ ಆ ಹೊಲದವನೂ, ನೀರಿನ ಇಲಾಖೆಯವನೂ, ಬಲೆ ಹಾಕುವವನೂ ಕುಳಿತಿರಬೇಕು. ಸಮಿತಿಯ ಪಟ್ಟಿ ಕಾಯಿದೆಯಲ್ಲಿ ಕಟ್ಟುನಿಟ್ಟಾಗಿದ್ದರೆ ಆಹ್ವಾನಿತರೆಂದಾದರೂ ಕರೆಯಲಿ. ಚಹಾ ಕೊಡುವುದಕ್ಕೆ ಯಾವ ಪ್ರಕರಣವೂ ಅಡ್ಡಿಯಾಗದು.

ವಿದ್ಯಾರ್ಥಿಗಳು ಇದರಲ್ಲಿ ಮಾಡಬಹುದಾದುದು ಎಣಿಕೆ. ಏಷ್ಯದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಸ್ವಯಂಸೇವಕರೇ ಅದರ ಬಲ. ಜನವರಿಯ ಎಣಿಕೆ ವರ್ಷಕ್ಕೊಂದು ಚಿತ್ರ ಮಾತ್ರ. ನಮ್ಮ ಐದು ತಾಲ್ಲೂಕುಗಳ ಕಾಲೇಜುಗಳು ಒಂದೊಂದು ಚಿಕ್ಕ ಕೆರೆಯನ್ನು ಆರಿಸಿಕೊಂಡು ಶರತ್ತಿನಿಂದ ವಸಂತದವರೆಗೆ ಹದಿನೈದು ದಿನಕ್ಕೊಮ್ಮೆ ನೀರಿನ ಮಟ್ಟ, ಹಕ್ಕಿಯ ಸಂಖ್ಯೆ, ಸತ್ತ ಮರಗಳ ಸಂಖ್ಯೆ ಈ ಮೂರನ್ನು ಬರೆದಿಟ್ಟರೆ, ಹತ್ತು ವರ್ಷದಲ್ಲಿ ಆ ಅಡುಗೆಮನೆಯ ಲೆಕ್ಕ ಸಿಗುತ್ತದೆ. ನಮ್ಮ ಕಾಲೇಜಿನ ಹುಡುಗಿಯರಿಬ್ಬರು ಈಗಾಗಲೇ ಒಂದು ಉದ್ದನೆಯ ರೂಲುಹಾಕಿದ ಪುಸ್ತಕದಲ್ಲಿ ಬರೆಯತೊಡಗಿದ್ದಾರೆ. ಹಕ್ಕಿಗಳ ಹೆಸರನ್ನು ಪುಸ್ತಕದ ಕನ್ನಡದಲ್ಲಿ ಒಂದು ಸಾಲಿನಲ್ಲಿಯೂ, ಆಯಾ ಊರಿನವರು ಹೇಳುವ ಹೆಸರನ್ನು ಪಕ್ಕದ ಸಾಲಿನಲ್ಲಿಯೂ ದಾಖಲಿಸಬೇಕೆಂದು ನಾನು ಷರತ್ತು ಹಾಕಿದ್ದೇನೆ. ಅದು ಕನ್ನಡ ವಿಭಾಗದ ಸ್ವಾರ್ಥ. ಎರಡನೆಯ ಸಾಲು ಮೊದಲನೆಯದಕ್ಕಿಂತ ಬೇಗ ತುಂಬುತ್ತಿದೆ. ಕಳೆದ ಭಾನುವಾರ ಅವರು ತಂದ ಪುಟದಲ್ಲಿ ನೀರಿನ ಮಟ್ಟದ ಮುಂದೆ ಅಂಕಿಯಿರಲಿಲ್ಲ. ಕೇಳಿದೆ. ಅಳತೆಗೆಂದು ನೆಟ್ಟಿದ್ದ ಗಳುವಿನ ಮೇಲೆ ನೀರುಕಾಗೆಯೊಂದು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತ ಕುಳಿತಿತ್ತಂತೆ. ಏಳಿಸಲು ಮನಸ್ಸಾಗದೆ ಹಿಂದಿರುಗಿದರಂತೆ. ಮುಂದಿನ ವಾರ ಇನ್ನೊಂದು ಗಳು ನೆಡಲು ಗೊತ್ತುಮಾಡಿದ್ದೇವೆ.